ದಪ್ಪ ಇದ್ದವರು ಕಾಲರ್ ಶರ್ಟ್ ಹಾಕಬಾರದೇ?

ಕಳೆದ ತಿಂಗಳು ಬಸವಕಲ್ಯಾಣದ ಒಂದು ಬಟ್ಟೆ ಅಂಗಡಿಗೆ ಹೋಗಿದ್ದೆವು. ವರದಿಗಾರಿಕೆಗೆ ಬೀದರಿಗೆ ಹೋಗುವುದಿತ್ತು, ಅದಕ್ಕೆ ಒಂದು ಬಿಳಿ ಕಾಲರ್ ಶರ್ಟ್ ಬೇಕಿತ್ತು. ಅಂಗಡಿಯ ಹುಡುಗ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಲೇಡೀಸ್‌ದಾಗ ನಿಮ್ಮ ಸೈಜ್ ಬರಂಗಿಲ್ರಿ ಅಕ್ಕಾ, ನೈಟಿ ತೋರಸ್ಲೇನ್ರಿ?" ಅಂದ. ಪಕ್ಕದಲ್ಲಿ ನಿಂತವರು ನಕ್ಕರು. ನಾವೂ ನಕ್ಕು ಹೊರಗೆ ಬಂದೆವು. ನಗದಿದ್ದರೆ ಅಳುವೇ ಬರುತ್ತಿತ್ತು.

ಈ ಮಾತು ನಮ್ಮೊಬ್ಬರದಲ್ಲ. ಎಕ್ಸ್‌ಎಲ್ ದಾಟಿದ ಎಲ್ಲ ಅಕ್ಕತಂಗಿಯರದ್ದು.

ಈಗ ಹುಡುಗಿಯರ ಫೋನಿನಲ್ಲಿ 'ಪ್ರೆಪ್ಪಿ' ಎಂಬ ಉಡುಗೆ ಓಡಾಡುತ್ತಿದೆ. ಕಾಲರ್ ಶರ್ಟ್, ಪೋಲೋ ಟೀ ಶರ್ಟ್, ವಿ ಕುತ್ತಿಗೆಯ ಸ್ವೆಟರ್, ಬ್ಲೇಜರ್, ನೆರಿಗೆ ಸ್ಕರ್ಟ್, ನೇರ ಪ್ಯಾಂಟ್, ಕಾಲಿಗೆ ಲೋಫರ್. ಅಮೆರಿಕದಲ್ಲಿ ದೊಡ್ಡ ಕಾಲೇಜುಗಳಿಗೆ ಮಕ್ಕಳನ್ನು ತಯಾರು ಮಾಡುವ ಖಾಸಗಿ ಶಾಲೆಗಳಿಗೆ ಪ್ರೆಪರೇಟರಿ ಸ್ಕೂಲ್ ಅನ್ನುತ್ತಾರೆ. ಪ್ರೆಪ್ಪಿ ಎಂಬ ಹೆಸರು ಬಂದದ್ದು ಅಲ್ಲಿಂದ.

ಇದು ದೂರದ ಮಾತು ಅನಿಸಬಹುದು. ಆದರೆ ನಮ್ಮೂರ ಇಂಗ್ಲಿಷ್ ಮೀಡಿಯಂ ಶಾಲೆಯ ಬಸ್ಸಿನೊಳಗೆ ಇಣುಕಿ ನೋಡಿ. ಟೈ, ಬ್ಲೇಜರ್, ನೆರಿಗೆ ಸ್ಕರ್ಟ್ ಎಲ್ಲ ಅಲ್ಲೇ ಇದೆ. ಹುಮನಾಬಾದಿನಿಂದ ರಾಷ್ಟ್ರೀಯ ಹೆದ್ದಾರಿ 65 ಹಿಡಿದು ಪಶ್ಚಿಮಕ್ಕೆ ಹೋದರೆ ಸೊಲ್ಲಾಪುರ ಸಿಗುತ್ತದೆ. ಚಾದರಕ್ಕೆ ಹೆಸರಾದ ಆ ಊರು ಶಾಲಾ ಯೂನಿಫಾರಂ ಹೊಲಿಯುವುದಕ್ಕೂ ಹೆಸರುವಾಸಿ. ಇನ್ನು 1950–60ರ ದಶಕದಲ್ಲಿ ಅಮೆರಿಕದ ಕಾಲೇಜು ಹುಡುಗರು ಹೆಮ್ಮೆಯಿಂದ ತೊಟ್ಟ 'ಮದ್ರಾಸ್ ಚೆಕ್ಸ್' ಯಾವುದು ಗೊತ್ತೇ? ನಮ್ಮ ದಕ್ಷಿಣದವರ ಲುಂಗಿಯ ಚೌಕಳಿ ಬಟ್ಟೆ!

ಅಂದರೆ ಬಟ್ಟೆ ನಮಗೆ ಹೊಸದಲ್ಲ. ಶಾಲೆಯಲ್ಲಿ ಎಲ್ಲ ಹುಡುಗಿಯರಿಗೂ ಸಿಗುವ ಈ ಉಡುಗೆ, ಅವರು ದೊಡ್ಡವರಾಗಿ ಮೈ ತುಂಬಿಕೊಂಡ ಕೂಡಲೇ ಯಾಕೆ ಸಿಗುವುದಿಲ್ಲ? ನಮ್ಮ ತಕರಾರು ಇಷ್ಟೇ.

ಇದು ಬರೀ ಶೋಕಿಯ ಮಾತಲ್ಲ. ಹುಮನಾಬಾದ್ ತಾಲ್ಲೂಕಿನ ನಮ್ಮ ಪರಿಚಯದ ಹುಡುಗಿಯೊಬ್ಬಳು ಹೈದರಾಬಾದಿನ ಕಂಪನಿಯೊಂದಕ್ಕೆ ಸಂದರ್ಶನಕ್ಕೆ ಹೋದಳು. ಫಾರ್ಮಲ್ ಡ್ರೆಸ್ ಕಡ್ಡಾಯ ಅಂದಿದ್ದರು. ತನ್ನ ಅಳತೆಯ ಶರ್ಟ್ ಎಲ್ಲೂ ಸಿಗದೆ ಅಣ್ಣನ ಶರ್ಟ್ ತೊಟ್ಟಳು. ಭುಜ ಕೆಳಗೆ ಜೋತು ಬಿತ್ತು, ಎದೆಯ ಮೇಲೆ ಗುಂಡಿ ಬಾಯಿ ಬಿಟ್ಟಿತು. ಸಂದರ್ಶನ ಮುಗಿಯುವ ತನಕ ಫೈಲನ್ನು ಎದೆಗೆ ಒತ್ತಿಕೊಂಡೇ ಕೂತಳಂತೆ. "ಉತ್ತರ ಗೊತ್ತಿದ್ವು ಅಕ್ಕಾ, ಆದ್ರ ಲಕ್ಷ್ಯ ಎಲ್ಲಾ ಗುಂಡಿ ಕಡೀಗೇ ಇತ್ತು" ಅಂದಳು. ಆ ಕೆಲಸ ಅವಳಿಗೆ ಸಿಗಲಿಲ್ಲ. ಶರ್ಟಿನಿಂದಲೇ ಹೋಯಿತು ಅನ್ನಲಾರೆವು. ಆದರೆ ಉಳಿದವರಿಗಿಲ್ಲದ ಒಂದು ಭಾರ ಹೊತ್ತು ಅವಳು ಆ ಕೋಣೆಗೆ ಹೋಗಿದ್ದಳು.

ನಮ್ಮಂಥವರು ಅಪರೂಪವೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 24ರಷ್ಟು ಮಂದಿಯ ತೂಕ ನಿಗದಿಗಿಂತ ಹೆಚ್ಚು. ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು. ಅಂಗಡಿಯವರು "ದೊಡ್ಡ ಸೈಜ್ ಮಾರಾಟ ಆಗಂಗಿಲ್ರಿ" ಅನ್ನುತ್ತಾರೆ. ಮಾರಿದ್ದರ ಲೆಕ್ಕ ಅವರ ಬಳಿ ಇರುತ್ತದೆ. ಸಿಗದೆ ವಾಪಸು ಹೋದವರ ಲೆಕ್ಕ ಯಾರು ಇಟ್ಟಿದ್ದಾರೆ?

ಸೈಜ್ ಎಂಬುದೂ ದೇವರು ಬರೆದದ್ದಲ್ಲ. ರೆಡಿಮೇಡ್ ಬಟ್ಟೆಗೆ ನಮ್ಮ ದೇಶದ್ದೇ ಆದ ಅಳತೆ ಪಟ್ಟಿ ಇರಲಿಲ್ಲ. ಬಹಳಷ್ಟು ಕಂಪನಿಗಳು ಅಮೆರಿಕ, ಬ್ರಿಟನ್ನಿನ ಪಟ್ಟಿಯನ್ನೇ ಹಿಂದೆಮುಂದೆ ಮಾಡಿ ಬಳಸಿದವು. ಅದಕ್ಕೇ ಕೇಂದ್ರ ಜವಳಿ ಸಚಿವಾಲಯ ಮತ್ತು ನಿಫ್ಟ್ ಸಂಸ್ಥೆ 'ಇಂಡಿಯಾಸೈಜ್' ಯೋಜನೆ ಕೈಗೊಂಡವು. ಆರು ನಗರಗಳಲ್ಲಿ 25,000 ಜನರ ಮೈ ಅಳತೆಯನ್ನು ತ್ರೀಡಿ ಸ್ಕ್ಯಾನರ್‌ನಿಂದ ತೆಗೆಯುವ ಯೋಜನೆ ಅದು. ನಮ್ಮ ರಾಜ್ಯದಿಂದ ಆರಿಸಿಕೊಂಡದ್ದು ಬೆಂಗಳೂರನ್ನು.

ಅಲ್ಲಿಯ ತನಕ ನಮ್ಮ ಕೈಯಲ್ಲಿರುವ ದಾರಿ ನಮ್ಮೂರ ಟೇಲರ್. ಅಂಗಡಿಯಿಂದ ಹೊರಬಿದ್ದ ನಾವು ಹೋದದ್ದು ಹಳೆಯ ಪರಿಚಯದ ಟೇಲರ್ ಚಾಚಾ ಬಳಿಗೆ. ಅವರು ಹೇಳಿಕೊಟ್ಟದ್ದು, ನಾವು ಹೊಲಿಸಿ ಕಲಿತದ್ದು ಇಲ್ಲಿದೆ:

– ಭುಜವನ್ನು ಬೇರೆಯಾಗಿ ಅಳೆಸಿ. ಭುಜದ ಹೊಲಿಗೆ ಭುಜದ ಎಲುಬಿನ ಮೇಲೆಯೇ ಕೂಡಬೇಕು. ಎದೆಗೆ ಸಾಕಾಗಲಿ ಅಂತ ಇಡೀ ಶರ್ಟ್ ದೊಡ್ಡದು ಮಾಡಿದರೆ ಗೋಣಿಚೀಲ ಆಗುತ್ತದೆ.

– ಬ್ಲೌಸಿಗೆ ಹಾಕುವಂತೆ ಶರ್ಟಿಗೂ ಎದೆಯ ಪಕ್ಕದಲ್ಲಿ ಟಕ್ಸ್ ಹಾಕಿಸಿ. ಎದೆಯ ಮೇಲಿನ ಎರಡು ಗುಂಡಿಗಳ ನಡುವೆ ಒಳಗಡೆ ಒಂದು ಟಿಚ್ ಬಟನ್ ಇರಲಿ. ಫೈಲ್ ಹಿಡಿದು ಕೂಡುವ ಪಾಳಿ ಬರುವುದಿಲ್ಲ.

– ಸೊಂಟದ ಅಳತೆಯನ್ನು ನಿಂತು ಒಮ್ಮೆ, ಕೂತು ಒಮ್ಮೆ ಕೊಡಿ. ಸಂದರ್ಶನ, ಬಸ್ಸು, ಕಚೇರಿ ಎಲ್ಲ ಕೂತೇ ಕಳೆಯುವಂಥವು.

– ನೆರಿಗೆ ಸ್ಕರ್ಟ್ ಇಷ್ಟವಿದ್ದರೆ, ಸೊಂಟದ ಕೆಳಗೆ ಐದಾರು ಇಂಚು ನೆರಿಗೆಗಳನ್ನು ಹೊಲಿದು ಕೂಡಿಸಲು ಹೇಳಿ. ಆಗ ಹೊಟ್ಟೆಯ ಹತ್ತಿರ ಉಬ್ಬುವುದಿಲ್ಲ. ಉದ್ದ ಪಾದದ ತನಕ ಇದ್ದರೂ ನಡೆಯುತ್ತದೆ.

– ಬ್ಲೇಜರ್ ಭುಜಕ್ಕೆ ಸರಿ ಕೂಡಿದರೆ ಸಾಕು. ಗುಂಡಿ ಹಾಕದೆಯೂ ತೊಡಬಹುದು.

– ನಮ್ಮ ಬಿಸಿಲಿಗೆ ಕಾಟನ್ನೇ ಒಳ್ಳೆಯದು. ಹೊಲಿಯಲು ಕೊಡುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ, ಆಮೇಲೆ ಕುಗ್ಗುವುದಿಲ್ಲ.

ಸೀರೆಯನ್ನೇ ಉಡಬೇಕಾದ ಅಕ್ಕೋರಿಗೆ ಕಾಲರ್ ಬ್ಲೌಸ್ ಇದೆ. ಚೂಡಿದಾರದವರಿಗೆ ಕಾಲರ್ ಕುರ್ತಾ ಇದೆ.

ಮನೆಯಲ್ಲಿ ಹಿರಿಯರು "ಶರ್ಟ್ ಗಂಡಸರದ್ದು" ಅನ್ನಬಹುದು. ಹಾಗಾದರೆ ಹೊಲಕ್ಕೆ ಹೋಗುವ ನಮ್ಮ ಅವ್ವಂದಿರು ಬಿಸಿಲು, ಮುಳ್ಳಿಗೆ ಅಂಜಿ ಸೀರೆಯ ಮೇಲೆ ತೊಡುವ ಫುಲ್ ಶರ್ಟ್ ಯಾರದು? ತೊಗರಿ ಕೊಯ್ಯುವಾಗ ನಡೆಯುವ ಶರ್ಟ್ ಕಚೇರಿಗೆ ಹೋಗುವಾಗ ಯಾಕೆ ನಡೆಯುವುದಿಲ್ಲ?

ಇನ್ನು ಕೆಲವರು "ಮೊದಲು ತೂಕ ಇಳಿಸು, ಆಮೇಲೆ ಹೊಲಿಸು" ಅನ್ನುತ್ತಾರೆ. ತೂಕದ ಮಾತು ನಮಗೂ ಡಾಕ್ಟರಿಗೂ ಬಿಟ್ಟದ್ದು. ಬಟ್ಟೆ ಬೇಕಾಗಿರುವುದು ಇವತ್ತಿನ ಮೈಗೆ, ನಾಳೆಯ ಸಂದರ್ಶನಕ್ಕೆ.

ನಮ್ಮ ಕಲ್ಯಾಣದ ಶರಣರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರಿದ್ದರು. ಸೂಜಿ ಹಿಡಿದು ಹೊಲಿಯುವುದೂ ಕಾಯಕವೇ ಎಂದು ಗೌರವ ಸಿಕ್ಕ ನೆಲ ಇದು. ಇಲ್ಲಿಯೇ ಒಬ್ಬ ಹೆಣ್ಣುಮಗಳನ್ನು ಅಳತೆ ನೋಡಿ ನಗುವುದು ಶೋಭಿಸುವುದಿಲ್ಲ.

ಅಂಗಡಿಯವರಲ್ಲಿ ನಮ್ಮ ಕೋರಿಕೆ: ತ್ರೀ ಎಕ್ಸ್‌ಎಲ್, ಫೋರ್ ಎಕ್ಸ್‌ಎಲ್ ನಾಲ್ಕೈದು ಶರ್ಟ್ ತರಿಸಿ ಇಡಿ. ಇಲ್ಲದಿದ್ದರೆ "ಸ್ಟಾಕ್ ಇಲ್ರಿ ಅಕ್ಕಾ, ತರಸ್ತೀವಿ" ಅನ್ನಿ. ನೈಟಿ ತೋರಿಸಬೇಡಿ. ಅಕ್ಕತಂಗಿಯರೇ, ನೀವು ಸಿಗದ ಸೈಜನ್ನು ಬಾಯಿಬಿಟ್ಟು ಕೇಳಿ, ನಾಚಿ ಹೊರಗೆ ಬರಬೇಡಿ.

ನಮ್ಮ ಬಿಳಿ ಶರ್ಟ್ ಮೂರು ದಿನದಲ್ಲಿ ತಯಾರಾಯಿತು. ಅದನ್ನೇ ತೊಟ್ಟು ಬೀದರಿಗೆ ಹೋದೆವು, ಮುಂದಿನ ಸಾಲಿನಲ್ಲಿ ಕೂತೆವು, ಎರಡು ಪ್ರಶ್ನೆ ಕೇಳಿದೆವು. ಗುಂಡಿಯ ನೆನಪೇ ಬರಲಿಲ್ಲ.