ಮಡಿಕೆ ಮಾಡೋಕೆ ಕಿಟ್ ಯಾಕ್ರೀ?

ಮಡಿಕೆ ಮಾಡೋದು ಕಲಿಯೋ ಹುಚ್ಚಿಗೆ ನಾನೂ ಆನ್‌ಲೈನಲ್ಲಿ ಒಂದು ‘ಬಿಗಿನರ್ಸ್ ಕಿಟ್’ ತರಿಸಿದೆ. ಮರದ ಪಟ್ಟಿ, ತಂತಿ, ಸ್ಪಂಜು, ಹೆರೆಯೋ ಬಳೆ... ತುರುವೇಕೆರೆ ಕಡೆಯ ಕುಂಬಾರಜ್ಜನ ಮುಂದೆ ಎಲ್ಲಾ ಹರಡಿದೆ. ಅಜ್ಜ ನಕ್ಕು, "ಮಣ್ಣೆಲ್ಲಪ್ಪಾ?" ಅಂದ್ರು.

ನಾಚಿಕೆ ಆಯ್ತು ಸ್ವಾಮಿ! ತಿಪಟೂರಿನವನಾಗಿ ನಾನು ನಯ ಮಾಡೋ ಪಟ್ಟಿಗೆ ದುಡ್ಡು ಕೊಟ್ಟಿದ್ದೆ. ಹಿತ್ತಲಲ್ಲಿ ಕರಟದ ರಾಶಿ ಬಿದ್ದಿದೆ! ಕರಟದ ಚೂರಿನ ಅಂಚನ್ನ ಕಲ್ಲಿಗೆ ಉಜ್ಜಿದ್ರೆ ಅದೇ ಕೆಲಸ ಆಗುತ್ತೆ. ತಂತಿ ಬದಲು ದಾರ, ಸ್ಪಂಜಿನ ಬದಲು ಹಳೇ ಪಂಚೆ ತುಂಡು.

ನಿಜವಾಗಿ ಬೇಕಾದ್ದೇ ಕಿಟ್‌ನಲ್ಲಿ ಇರಲಿಲ್ಲ: ತಟ್ಟೋ ಹಲಗೆ, ದುಂಡು ಕಲ್ಲು. ನಮ್ಮ ಗಡಿಗೆ ತಿಗರಿ ಮೇಲೇ ಮುಗಿಯೋದಿಲ್ಲ. ಅರೆಬರೆ ಒಣಗಿದ ಮೇಲೆ ಒಳಗೆ ಕಲ್ಲು ಹಿಡಿದು, ಹೊರಗೆ ಹಲಗೆಯಿಂದ ತಟ್ಟಿ ತಟ್ಟಿ ತಳ ಮುಚ್ಚಬೇಕು, ಹೊಟ್ಟೆ ತೆಳು ಮಾಡಬೇಕು.

ಇನ್ನು ಸರ್ಕಾರ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಇದೆ. ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು. ಬೇಡ ಅನ್ನಲ್ಲ. ಆದ್ರೆ ಕೆರೆಯ ಜಿಗುಟು ಮಣ್ಣು ಸಿಗದೆ, ಮಡಿಕೆ ಕೊಳ್ಳೋರೂ ಇಲ್ಲದೆ ಕರೆಂಟಿನ ತಿಗರಿ ತಿರುಗಿ ಏನು ಬಂತು?

ಕಲಿಯೋ ಆಸೆ ಇದ್ರೆ ಕಿಟ್ಟಿನ ದುಡ್ಡನ್ನ ಹತ್ತಿರದ ಕುಂಬಾರರಿಗೆ ಕೊಟ್ಟು, ಒಂದು ವಾರ ಮಣ್ಣು ತುಳೀರಿ. ಹರಳು ಆರಿಸೋದು ಕೈಗೆ ಬರದಿದ್ರೆ ಆವಿಗೆಯಲ್ಲಿ ಮಡಿಕೆ ಸಿಡಿಯುತ್ತೆ. ಆ ಕೈ ಯಾವ ಡಬ್ಬದಲ್ಲೂ ಬರಲ್ಲ. ಅಜ್ಜನ ಮಕ್ಕಳು ಯಾರೂ ತಿಗರಿ ಮುಟ್ಟಿಲ್ಲ... ನಾವಾದ್ರೂ ಬೇಗ ಹೋಗಬೇಡ್ವಾ? ನೀವೇನಂತೀರಿ?