ಮದುವೆ ಅವರದು, ಪಾಸ್‌ಪೋರ್ಟ್ ನಮ್ಮದು

ವಿದೇಶಕ್ಕೆ ಹೋಗಿ ಮದುವೆ ಮಾಡಿಕೊಳ್ಳುವ ಕುಟುಂಬಗಳನ್ನು ಪ್ರಧಾನಿ ನರೇಂದ್ರ ಮೋದಿಯವರು ‘ಮನ್ ಕೀ ಬಾತ್’ನಲ್ಲಿ ಪ್ರಶ್ನಿಸಿದ್ದು 2023ರ ನವೆಂಬರ್ 26ರಂದು. ಡಿಸೆಂಬರ್ 8ರಂದು ಡೆಹ್ರಾಡೂನ್‌ನ ಹೂಡಿಕೆದಾರರ ಸಮಾವೇಶದಲ್ಲಿ ಅದೇ ಮಾತು ‘ವೆಡ್ ಇನ್ ಇಂಡಿಯಾ’ ಎಂಬ ಘೋಷಣೆಯಾಯಿತು. ಅಂದಿನಿಂದ ಈ ಜಗಳ ಗಾಣದೆತ್ತಿನಂತೆ ಒಂದೇ ಜಾಡಿನಲ್ಲಿ ಸುತ್ತುತ್ತಿದೆ. ಒಂದು ಕಡೆಯವರಿಗೆ ಇದು ದೇಶದ ದುಡ್ಡು ದೇಶದಲ್ಲೇ ಉಳಿಯಬೇಕೆಂಬ ಪ್ರಶ್ನೆ. ಇನ್ನೊಂದು ಕಡೆಯವರಿಗೆ, ನನ್ನ ಮದುವೆ, ನನ್ನ ದುಡ್ಡು, ಕೇಳಲು ನೀವ್ಯಾರು ಎಂಬ ಪ್ರಶ್ನೆ. ಇಬ್ಬರೂ ಮಾತಾಡುತ್ತಿರುವುದು ಮದುವೆ ಮಾಡುವವರ ಬಗ್ಗೆ ಮಾತ್ರ. ಶಿವಮೊಗ್ಗದಲ್ಲೋ ಗದಗದಲ್ಲೋ ಕುಳಿತು, ವಾಟ್ಸ್‌ಆ್ಯಪ್‌ನಲ್ಲಿ ಬಂದ ಫುಕೆಟ್‌ನ ಲಗ್ನಪತ್ರಿಕೆ ತೆರೆದು ನೋಡಿ, ಮನೆಯಲ್ಲಿ ಒಬ್ಬರ ಬಳಿಯೂ ಪಾಸ್‌ಪೋರ್ಟ್ ಇಲ್ಲವಲ್ಲ ಎಂದು ಚಿಂತೆಗೆ ಬೀಳುವ ಸಂಸಾರದ ಬಗ್ಗೆ ಯಾರೂ ಸೊಲ್ಲೆತ್ತಿಲ್ಲ. ನನ್ನ ತಕರಾರು ಅವರ ಪರವಾಗಿ. ಮದುವೆ ಎಲ್ಲಿ ಬೇಕಾದರೂ ಆಗಲಿ. ಅದರ ಖರ್ಚನ್ನು ಸದ್ದಿಲ್ಲದೆ ನೆಂಟರ ತಲೆಗೆ ಕಟ್ಟುವುದು, ಕಟ್ಟಿದ ಮೇಲೆ ಅದನ್ನು ಆಮಂತ್ರಣವೆಂದು ಕರೆಯುವುದು ಸರಿಯಲ್ಲ.

ದೇಶಪ್ರೇಮದ ವಾದವನ್ನು ಮೊದಲು ಮುಗಿಸಿಬಿಡೋಣ. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ 2023-24ರಲ್ಲಿ ಭಾರತೀಯರು ಹೊರದೇಶಗಳಿಗೆ ಕಳಿಸಿದ್ದು ಸುಮಾರು 3,170 ಕೋಟಿ ಡಾಲರ್. ಅದರಲ್ಲಿ ಪ್ರವಾಸದ ಬಾಬ್ತೇ ಸುಮಾರು 1,700 ಕೋಟಿ ಡಾಲರ್, ಅಂದರೆ ಅರ್ಧಕ್ಕಿಂತ ಹೆಚ್ಚು. ಓದು, ಚಿಕಿತ್ಸೆ, ಉಡುಗೊರೆ, ಬಂಧುಗಳ ಪೋಷಣೆ ಎಂದು ಆ ಲೆಕ್ಕದಲ್ಲಿ ಬೇರೆ ಬೇರೆ ಕಾಲಂಗಳಿವೆ. ಮದುವೆಗೆ ಕಾಲಂ ಇಲ್ಲ. ಹಾಗಿರುವಾಗ ಮದುವೆಗಳಿಂದ ದೇಶದ ಖಜಾನೆ ಸೋರುತ್ತಿದೆ ಎನ್ನುವವರೂ ಸೋರುತ್ತಿಲ್ಲ ಎನ್ನುವವರೂ ಅಂದಾಜಿನ ಮೇಲೆಯೇ ಗುದ್ದಾಡುತ್ತಿದ್ದಾರೆ. ಇನ್ನು, ಮದುವೆ ದೇಶದೊಳಗೆ ಆದ ಮಾತ್ರಕ್ಕೆ ಪಾವನವಾಗುತ್ತದೆಯೇ? ಯಾವ ಉತ್ತರಾಖಂಡದಲ್ಲಿ ನಿಂತು ಘೋಷಣೆ ಕೂಗಲಾಯಿತೋ ಅದೇ ರಾಜ್ಯದ ಔಲಿಯಲ್ಲಿ 2019ರ ಜೂನ್‌ನಲ್ಲಿ ದಕ್ಷಿಣ ಆಫ್ರಿಕಾದ ಗುಪ್ತಾ ಸಹೋದರರ ಮಕ್ಕಳ ಮದುವೆ ನಡೆದಿತ್ತು. ಹಿಮಾಲಯದ ಹುಲ್ಲುಗಾವಲಿಗೆ ಆಗುವ ಹಾನಿಯ ಪ್ರಶ್ನೆ ಹೈಕೋರ್ಟಿನ ಮೆಟ್ಟಿಲೇರಿತು, 3 ಕೋಟಿ ರೂಪಾಯಿ ಠೇವಣಿ ಇಡಿ ಎಂದು ಕೋರ್ಟು ಹೇಳಬೇಕಾಯಿತು. ನಮ್ಮಲ್ಲೇ ನೋಡಿ: 2016ರ ನವೆಂಬರ್‌ನಲ್ಲಿ, ನೋಟು ರದ್ದಾಗಿ ವಾರ ಕಳೆದಿತ್ತಷ್ಟೆ, ಜನ ಎಟಿಎಂ ಮುಂದೆ ಸಾಲು ನಿಂತಿದ್ದರು, ಬೆಂಗಳೂರಿನ ಅರಮನೆ ಮೈದಾನದಲ್ಲಿ ವಿಜಯನಗರದ ವೈಭವದ ಸೆಟ್ ಹಾಕಿಸಿ ಗಾಲಿ ಜನಾರ್ದನ ರೆಡ್ಡಿಯವರು ಮಗಳ ಮದುವೆ ಮಾಡಿದರು. ಅದೂ ‘ವೆಡ್ ಇನ್ ಇಂಡಿಯಾ’ವೇ. ಮದುವೆಯ ಔಚಿತ್ಯವನ್ನು ಭೂಪಟ ನೋಡಿ ಅಳೆಯಲು ಬರುವುದಿಲ್ಲ.

ಕೋಟ್ಯಧೀಶರನ್ನು ಬಿಡೋಣ. ಅವರು ನೆಂಟರನ್ನು ವಿಮಾನದಲ್ಲಿ ಕರೆಸಿಕೊಳ್ಳುತ್ತಾರೆ, ಹೋಟೆಲಿನ ಬಿಲ್ಲನ್ನೂ ಕಟ್ಟುತ್ತಾರೆ. ಆ ಮದುವೆಗಳಿಂದ ಬಡವಾಗುವ ಅತಿಥಿ ಇಲ್ಲ. ತೊಂದರೆ ಶುರುವಾದದ್ದು ಈ ಪದ್ಧತಿ ಮಧ್ಯಮ ವರ್ಗಕ್ಕೆ ಇಳಿದ ಮೇಲೆ. 2023ರ ನವೆಂಬರ್ 10ರಿಂದ ಥಾಯ್ಲೆಂಡ್ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟಿತು, ಮರುವರ್ಷ ಅಲ್ಲಿಗೆ ಹೋದ ಭಾರತೀಯರ ಸಂಖ್ಯೆ 20 ಲಕ್ಷ ದಾಟಿತು. ಭಾರತೀಯ ಮದುವೆಗಳನ್ನು ಸೆಳೆಯುವುದೇ ಅಲ್ಲಿನ ಪ್ರವಾಸೋದ್ಯಮ ಇಲಾಖೆಗೆ ಒಂದು ಕೆಲಸವಾಗಿದೆ. ವೆಡ್ಡಿಂಗ್ ಪ್ಲಾನರ್‌ಗಳು ಹೆಣ್ಣಿನ ತಂದೆಯ ಮುಂದಿಡುವ ಲೆಕ್ಕ ಸರಳ: ಬೆಂಗಳೂರಿನ ದೊಡ್ಡ ಕಲ್ಯಾಣಮಂಟಪದಲ್ಲಿ ಸಾವಿರ ಎಲೆ ಹಾಕಿಸುವ ದುಡ್ಡಿನಲ್ಲಿ, ಕಡಲ ದಂಡೆಯ ರೆಸಾರ್ಟಿನಲ್ಲಿ ಎಂಬತ್ತು ಜನರ ಮದುವೆ ಮೂರು ದಿನ ನಡೆಯುತ್ತದೆ, ಫೋಟೋನೂ ಚೆನ್ನಾಗಿ ಬರುತ್ತದೆ. ಲೆಕ್ಕ ಸುಳ್ಳಲ್ಲ. ಆದರೆ ಆ ಉಳಿತಾಯ ಎಲ್ಲಿಂದ ಬಂತು ಎಂದು ಕೇಳಬೇಕು. ಒಂದು ಭಾಗ ಪಟ್ಟಿಯಿಂದ ಬಿಟ್ಟವರಿಂದ ಬಂತು. ಇನ್ನೊಂದು ಭಾಗ ಪಟ್ಟಿಯಲ್ಲಿ ಉಳಿದವರ ಜೇಬಿನಿಂದ ಬಂತು, ಯಾಕೆಂದರೆ ಬಹುಪಾಲು ಇಂಥ ಮದುವೆಗಳಲ್ಲಿ ರೂಮು, ಊಟ ಆಹ್ವಾನಿಸಿದವರದು, ವಿಮಾನದ ಟಿಕೆಟ್ ಬರುವವರದು. ಟಿಕೆಟ್ಟೇ ದೊಡ್ಡ ಖರ್ಚು ಎಂಬುದನ್ನು ಎರಡೂ ಕಡೆಯವರು ಬಲ್ಲರು, ಯಾರೂ ಬಾಯಿ ಬಿಡುವುದಿಲ್ಲ.

ಹಳೇ ಮೈಸೂರಿನ ಕಡೆ ಮದುವೆ ಮನೆಯಲ್ಲಿ ಇಂದಿಗೂ ಮುಯ್ಯಿ ಬರೆಯುವವರು ನೋಟ್‌ಬುಕ್ ಹಿಡಿದು ಕುಳಿತಿರುತ್ತಾರೆ. ಯಾರು ಎಷ್ಟು ಹಾಕಿದರು, ಯಾವ ಊರಿನವರು ಎಂದು ಸಾಲುಸಾಲಾಗಿ ಬರೆಯುತ್ತಾರೆ. ನಾಳೆ ಅವರ ಮನೆಯ ಮದುವೆಗೆ ಅಷ್ಟನ್ನಾದರೂ ತೀರಿಸಬೇಕು. ಮದುವೆಯ ಭಾರ ಹೊತ್ತ ಮನೆಗೆ ಊರವರು ಕೈಜೋಡಿಸುವ ವ್ಯವಸ್ಥೆ ಅದು. ನೂರು ರೂಪಾಯಿ ಕೊಡುವವನೂ ಐದು ಸಾವಿರ ಕೊಡುವವನೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ, ಕೊಡುವ ಮೊತ್ತವನ್ನು ತೀರ್ಮಾನಿಸುವುದು ಕೊಡುವವನ ಶಕ್ತಿ. ಹೊರದೇಶದ ಮದುವೆಯಲ್ಲಿ ಆ ಮೊತ್ತವನ್ನು ತೀರ್ಮಾನಿಸುವುದು ವಿಮಾನ ಕಂಪನಿ. ಉಡುಗೊರೆ ಬೇಡ, ನೀವು ಬಂದರೆ ಸಾಕು ಎಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದು ಸುಲಭ. ಆ ಬರುವಿಕೆಗೇ ನಾಲ್ಕು ಜನರ ಸಂಸಾರವೊಂದು ಲಕ್ಷ ದಾಟಿಸಬೇಕಾಗಿರುತ್ತದೆ. ಆ ದುಡ್ಡು ಯಾವ ನೋಟ್‌ಬುಕ್ಕಿನಲ್ಲೂ ದಾಖಲಾಗುವುದಿಲ್ಲ, ಯಾರೂ ಅದನ್ನು ತೀರಿಸಬೇಕಾಗಿಯೂ ಇಲ್ಲ.

ಈಗಾಗಲೇ ನಾಲ್ಕು ದೇಶ ಸುತ್ತಿದವರಿಗೆ ಇದು ಇನ್ನೊಂದು ವಾರಾಂತ್ಯ. ಮೊದಲ ಬಾರಿ ಹೊರಡುವವರಿಗೆ ಹಾಗಲ್ಲ, ಮತ್ತು ಈ ದೇಶದಲ್ಲಿ ನೂರಕ್ಕೆ ಹತ್ತು ಮಂದಿಯ ಬಳಿಯೂ ಪಾಸ್‌ಪೋರ್ಟ್ ಇಲ್ಲ. ಪಾಸ್‌ಪೋರ್ಟಿನ ಶುಲ್ಕ ದೊಡ್ಡವರಿಗೆ 1,500 ರೂಪಾಯಿ, ತತ್ಕಾಲ್ ಬೇಕೆಂದರೆ ಮೇಲೆ 2,000. ನಿಜವಾದ ಕಷ್ಟ ಶುಲ್ಕದ್ದಲ್ಲ, ಹೆಸರಿನದು. ನಮ್ಮವರ ಹೆಸರಿನ ಮುಂದೆ ಒಂದೋ ಎರಡೋ ಇನಿಶಿಯಲ್ ಇರುತ್ತದೆ, ಪಾಸ್‌ಪೋರ್ಟ್ ಅರ್ಜಿಗೆ ಇನಿಶಿಯಲ್ ಆಗುವುದಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಿದರೆ ಆಧಾರ್‌ನಲ್ಲಿ ಒಂದು ಥರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಥರ. ಎಷ್ಟೋ ಹೆಣ್ಣುಮಕ್ಕಳಿಗೆ ಇರುವುದೇ ಒಂದು ಹೆಸರು; ಅಡ್ಡಹೆಸರಿನ ಜಾಗ ಖಾಲಿ. ಹಾಗೆ ಒಂದೇ ಹೆಸರಿನ ಪಾಸ್‌ಪೋರ್ಟ್ ಹಿಡಿದು ಪ್ರವಾಸಿ ವೀಸಾದಲ್ಲಿ ಬರುವವರನ್ನು ಒಳಗೆ ಬಿಡುವುದಿಲ್ಲ ಎಂದು ಯುಎಇ 2022ರ ನವೆಂಬರ್ 21ರಿಂದ ನಿಯಮ ಮಾಡಿತು, ಆಮೇಲೆ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಆದೀತು ಎಂದು ಸಡಿಲಿಸಿತು. ದುಬೈನಲ್ಲಿ ಮದುವೆ ಇಟ್ಟವರಿಗೆ ಇದು ಗೊತ್ತಿರಬೇಕಾದ ಸಂಗತಿ, ಗೊತ್ತಾಗುವುದು ಮಾತ್ರ ಸಾಮಾನ್ಯವಾಗಿ ಚಿಕ್ಕಮ್ಮ ಚೆಕ್-ಇನ್ ಕೌಂಟರಿನಲ್ಲಿ ನಿಂತಾಗ. ಮನೆಯವರಂತೆಯೇ ಇದ್ದ ಡ್ರೈವರನ್ನೋ ಅಡುಗೆಯಾಕೆಯನ್ನೋ ಕರೆದೊಯ್ಯಬೇಕೆಂದರೆ ಇನ್ನೊಂದು ಗಂಟು: ಹತ್ತನೇ ತರಗತಿ ಪಾಸಾಗದ, ಐವತ್ತು ದಾಟದವರ ಪಾಸ್‌ಪೋರ್ಟಿಗೆ ಇಸಿಆರ್, ಅಂದರೆ ‘ವಲಸೆ ತಪಾಸಣೆ ಅಗತ್ಯ’ ಎಂಬ ಮುದ್ರೆ ಬೀಳುತ್ತದೆ. ಕೆಲಸಕ್ಕೆ ಹೋಗುವವರ ರಕ್ಷಣೆಗೆಂದು 18 ದೇಶಗಳಿಗೆ ಅನ್ವಯಿಸುವ ವ್ಯವಸ್ಥೆ ಅದು. ಮದುವೆಗೆ ಜನಪ್ರಿಯವಾದ ಥಾಯ್ಲೆಂಡ್, ಇಂಡೊನೇಷ್ಯಾ, ಯುಎಇ ಮೂರೂ ಆ ಪಟ್ಟಿಯಲ್ಲಿವೆ. ಪ್ರವಾಸಕ್ಕೆ ಹೋಗುವವರಿಗೆ ಕಾನೂನಿನ ಅಡ್ಡಿ ಇಲ್ಲ, ವಾಪಸ್ ಬರುವ ಟಿಕೆಟ್ ಹಿಡಿದು ಉತ್ತರ ಕೊಡಬೇಕಾದವರು ಮಾತ್ರ ಅವರೇ.

ಯುರೋಪಿನ ಮದುವೆಯಾದರೆ ಕತೆ ಇನ್ನೂ ಬಿಗಿ. ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯುರೋ, ತಿರಸ್ಕಾರವಾದರೆ ವಾಪಸ್ಸಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್, ತೆರಿಗೆ ರಿಟರ್ನ್ಸ್, 30,000 ಯುರೋ ಮೊತ್ತದ ವಿಮೆ, ರಜೆ ಮಂಜೂರಾದ ಪತ್ರ ಎಲ್ಲ ಕೊಡಬೇಕು. 2024ರಲ್ಲಿ ಭಾರತದಿಂದ ಹೋದ 11 ಲಕ್ಷ ಚಿಲ್ಲರೆ ಅರ್ಜಿಗಳಲ್ಲಿ ಸುಮಾರು 1.65 ಲಕ್ಷ ತಿರಸ್ಕೃತವಾದವು. ಹಿಂದೆ ಎಲ್ಲಿಗೂ ಹೋಗಿ ಬಂದ ದಾಖಲೆ ಇಲ್ಲದ, ಕೃಷಿಯ ಆದಾಯವನ್ನು ಕಾಗದದಲ್ಲಿ ತೋರಿಸಲಾಗದ ಸೋದರಮಾವನ ಅರ್ಜಿ ಯಾವ ಗುಂಪಿಗೆ ಸೇರಬಹುದು ಎಂದು ಊಹಿಸಲು ಕಷ್ಟವಿಲ್ಲ. ಹಾಗಾದಾಗ ಧಾರೆಗೆ ಯಾರು ನಿಲ್ಲಬೇಕು ಎಂಬುದನ್ನು ಕುಟುಂಬವಲ್ಲ, ದೂತಾವಾಸದ ಗುಮಾಸ್ತ ತೀರ್ಮಾನಿಸಿದಂತಾಯಿತು.

ಇದೆಲ್ಲ ದಾಟಿ ಹೋದವರಿಗೆ ಸಿಗುವ ವಿದೇಶ ಎಂಥದ್ದು? ಧನುರ್ಮಾಸದಲ್ಲಿ ಮುಹೂರ್ತವಿಲ್ಲದ್ದರಿಂದ ನವೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದವರೆಗೆ, ಮತ್ತೆ ಸಂಕ್ರಾಂತಿಯ ನಂತರ ಲಗ್ನಗಳು ಒತ್ತೊತ್ತಾಗಿ ಬೀಳುತ್ತವೆ. ಫುಕೆಟ್‌ನಲ್ಲಿ ಮಳೆ ನಿಂತು ಟಿಕೆಟ್ ದರ ಏರುವುದೂ ಆಗಲೇ, ಮಕ್ಕಳಿಗೆ ಶಾಲೆ ಇರುವುದೂ ಆಗಲೇ. ಹೋದ ಮೇಲೆ ಮೊದಲ ದಿನ ಮೆಹಂದಿ, ಮರುದಿನ ಬೆಳಗ್ಗೆ ಹಳದಿ, ಸಂಜೆ ಸಂಗೀತ್, ಮೂರನೇ ದಿನ ಧಾರೆ, ರಾತ್ರಿ ಪಾರ್ಟಿ, ಒಂದೊಂದಕ್ಕೂ ಒಂದೊಂದು ಬಣ್ಣದ ಬಟ್ಟೆ. (ಕಾಶಿಯಾತ್ರೆಗೆ ಹೊರಟ ವರನನ್ನು ಕೊಡೆ ಹಿಡಿದು ಹೇಗೂ ವಾಪಸ್ ಕರೆತರುತ್ತಾರೆ, ನಿಜವಾಗಿ ಯಾತ್ರೆ ಮಾಡಿದವರು ನೆಂಟರೇ.) ನಾಲ್ಕನೇ ದಿನ ಹನ್ನೊಂದಕ್ಕೆ ರೂಮು ಖಾಲಿ. ಆ ದೇಶದ ಪೇಟೆ, ಊಟ, ಬೀದಿ, ಜನ ಏನನ್ನೂ ನೋಡದೆ, ಐದು ವರ್ಷ ಕೂಡಿಟ್ಟು ಎಂದಾದರೂ ಮಾಡಬಹುದಾಗಿದ್ದ ಒಂದು ಪ್ರವಾಸ ಮುಗಿದಿರುತ್ತದೆ. ಅದು ಅವರು ಆರಿಸಿದ ದೇಶವಲ್ಲ, ಆರಿಸಿದ ತಿಂಗಳಲ್ಲ, ಆರಿಸಿದ ಹೋಟೆಲ್ಲೂ ಅಲ್ಲ.

ಯಾರೂ ಬಲವಂತ ಮಾಡಿಲ್ಲವಲ್ಲ, ಆಗದಿದ್ದರೆ ಬರಬೇಡಿ ಎನ್ನುವವರಿದ್ದಾರೆ. ಗೆಳೆಯರ ಮಟ್ಟಿಗೆ ಒಪ್ಪುತ್ತೇನೆ. ಬಳಗದಲ್ಲಿ ಈ ಮಾತು ನಡೆಯುವುದಿಲ್ಲ. ಹಲವು ಸಮುದಾಯಗಳಲ್ಲಿ ಹೆಣ್ಣನ್ನು ಮಂಟಪಕ್ಕೆ ಕರೆತರುವವನೇ ಸೋದರಮಾವ. ಅವನು ಬರದಿದ್ದರೆ ಕಾರಣ ದುಡ್ಡೆಂದು ಯಾರೂ ಹೇಳುವುದಿಲ್ಲ, ಮುನಿಸೆಂದು ಹೇಳುತ್ತಾರೆ. ಬೀಗರ ಮುಂದೆ ಬಾಯಿಬಿಟ್ಟು ನನಗೆ ಟಿಕೆಟ್ಟಿಗೆ ಶಕ್ತಿ ಇಲ್ಲ ಎನ್ನುವುದಕ್ಕಿಂತ ಸಾಲ ಮಾಡುವುದು ಸುಲಭವೆಂದು ಜನ ಭಾವಿಸುವುದು ಇಂಥ ಕಡೆಯೇ. ಛತ್ರದ ಮದುವೆಗೆ ತಡವಾಗಿ ಬಂದು ಅಕ್ಷತೆ ಹಾಕಿ ಊಟ ಮಾಡದೆ ಹೊರಡಬಹುದಿತ್ತು, ಒಬ್ಬರು ಹೋಗಿ ಮನೆಯವರೆಲ್ಲರ ಪರವಾಗಿ ಮುಖ ತೋರಿಸಿ ಬರಬಹುದಿತ್ತು. ಬಾಲಿಗೆ ಅರ್ಧ ಹೋಗಲು ಬರುವುದಿಲ್ಲ.

ಇನ್ನೊಂದು ಆಕ್ಷೇಪಕ್ಕೆ ನಿಜವಾದ ತೂಕವಿದೆ. ಇಂಥ ಮದುವೆ ಇಲ್ಲದಿದ್ದರೆ ಎಷ್ಟೋ ಹೆಂಗಸರು ಜೀವಮಾನದಲ್ಲಿ ಪಾಸ್‌ಪೋರ್ಟ್ ಮಾಡಿಸುತ್ತಿರಲಿಲ್ಲ, ಸಮುದ್ರ ದಾಟುತ್ತಿರಲಿಲ್ಲ. ಗಂಡ, ಮಕ್ಕಳು ಬೇಡವೆನ್ನಲಾಗದ ಒಂದು ನೆಪ ಅವರಿಗೆ ಸಿಕ್ಕಿತು. ಆ ಸಂತೋಷವನ್ನು ಕಿತ್ತುಕೊಳ್ಳಲು ನಾನ್ಯಾರು? ಸರಿ. ಹಾಗಾದರೆ ಹೊರಡುವವರು ಆ ನೆಪವನ್ನು ಪೂರ್ತಿ ತಮ್ಮದನ್ನಾಗಿ ಮಾಡಿಕೊಳ್ಳಲಿ: ಮೆಹಂದಿ, ಸಂಗೀತ್ ಬಿಟ್ಟು ಧಾರೆಗೆ ಮಾತ್ರ ಹೋಗಿ, ಉಳಿದ ದಿನಗಳನ್ನು ರೆಸಾರ್ಟಿನ ಹೊರಗೆ ಕಳೆಯಲಿ, ಅದಕ್ಕೆ ಮದುವೆ ಮನೆಯವರು ಮುಖ ಸಿಂಡರಿಸದಿರಲಿ. ವಧು ಮೈಸೂರಿನವಳು, ವರನ ಕಡೆಯವರು ಸಿಡ್ನಿಯಲ್ಲೋ ಸಿಂಗಪುರದಲ್ಲೋ ನೆಲೆಸಿದವರು ಎಂದಾಗ ನಡುವಿನ ಒಂದು ಊರು ಆರಿಸುವುದರಲ್ಲೂ ತಪ್ಪಿಲ್ಲ. ಅಲ್ಲಿ ಯಾರಾದರೂ ಒಬ್ಬರು ಪ್ರಯಾಣ ಮಾಡಲೇಬೇಕು. ನನ್ನ ವಾದ ಇರುವುದು ಎರಡೂ ಮನೆಯವರು ದಾವಣಗೆರೆಯ ಒಂದೇ ಬಡಾವಣೆಯಲ್ಲಿದ್ದು, ಮದುವೆ ಮಾತ್ರ ಆಂಡಮಾನ್ ಸಮುದ್ರದ ಆಚೆ ದಡದಲ್ಲಿ ಆಗುವುದರ ಬಗ್ಗೆ.

ದುಡ್ಡಿರುವವರಿಗೂ ಮರ್ಯಾದೆಯ ದಾರಿ ಗೊತ್ತಿಲ್ಲದೇ ಇಲ್ಲ. 2018ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ ಇಟಲಿಯ ಕೊಮೊ ಸರೋವರದ ದಂಡೆಯಲ್ಲಿ ಕೊಂಕಣಿ ಶಾಸ್ತ್ರದಂತೆ ಮದುವೆಯಾದಾಗ ಕರೆದದ್ದು ಕೆಲವೇ ಹತ್ತಿರದವರನ್ನು. ವಾರದಲ್ಲಿ ಬೆಂಗಳೂರಿಗೇ ಬಂದು ಆರತಕ್ಷತೆ ಇಟ್ಟುಕೊಂಡರು. ಖರ್ಚಿನ ದೃಷ್ಟಿಯಿಂದ ಅದು ಯಾರಿಗೂ ಮಾದರಿಯಲ್ಲ, ಆದರೆ ಉಳಿದವರು ಇದ್ದಲ್ಲಿಗೇ ಹೋಗಬೇಕು ಎಂಬ ತಿಳಿವಳಿಕೆ ಅದರಲ್ಲಿತ್ತು. 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಕುವೆಂಪು ಮಂತ್ರಮಾಂಗಲ್ಯದ ಸರಳ ಕ್ರಮದಲ್ಲಿ ನಡೆಸಿದ ನಾಡಿನಲ್ಲಿ ಇಷ್ಟನ್ನು ಕೇಳುವುದು ದೊಡ್ಡ ಕ್ರಾಂತಿಯೇನೂ ಅಲ್ಲ. ಹೊರದೇಶದಲ್ಲೇ ಮದುವೆ ಎಂದು ನಿರ್ಧರಿಸಿದವರು ಕರೆಯುವ ಮೊದಲೇ ಹೇಳಲಿ: ಟಿಕೆಟ್ ಯಾರದು, ಪಾಸ್‌ಪೋರ್ಟ್ ಇಲ್ಲದವರಿಗೆ ಎಷ್ಟು ತಿಂಗಳ ಸಮಯವಿದೆ, ವೀಸಾ ಸಿಗದಿದ್ದರೆ ಕಳೆದುಹೋಗುವ ದುಡ್ಡು ಯಾರ ಲೆಕ್ಕಕ್ಕೆ. ಶಾಸ್ತ್ರಕ್ಕೆ ಬೇಕೇ ಬೇಕಾದವರ ಪೂರ್ತಿ ವೆಚ್ಚವನ್ನು, ಅರ್ಜಿ ಶುಲ್ಕದಿಂದ ಹಿಡಿದು, ಮದುವೆಯ ಬಜೆಟ್ಟಿಗೇ ಹಾಕಲಿ. ಅಷ್ಟು ಹಾಕಿದ ಮೇಲೂ ಫುಕೆಟ್ ಬೆಂಗಳೂರಿಗಿಂತ ಅಗ್ಗವಾಗಿ ಕಂಡರೆ ಧಾರಾಳವಾಗಿ ಅಲ್ಲೇ ಮಾಡಲಿ.