ಪಾಠ ಹೇಳುವವರು ವಾದಿಸಬಾರದೇ?

"ಓದಿಸುವವರಿಗೆ ವಾದಿಸಲು ಬಾರದು" ಎಂಬ ಮಾತು ನಮ್ಮ ವಕೀಲ ಮಿತ್ರರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಹೀಗೆನ್ನುವವರು ಒಮ್ಮೆ ನಾಗಪುರದ ಚರಿತ್ರೆಯತ್ತ ಕಣ್ಣು ಹಾಯಿಸಬೇಕು.

ಮಹಮ್ಮದ್ ಹಿದಾಯತುಲ್ಲಾ ಅವರು 1930ರಲ್ಲಿ ಅಲ್ಲಿ ವಕೀಲಿ ಆರಂಭಿಸಿದರು. 1935ರಿಂದ 1943ರವರೆಗೆ ಅಲ್ಲಿನ ಲಾ ಕಾಲೇಜಿನಲ್ಲಿ ಪಾಠವನ್ನೂ ಹೇಳಿದರು. 1943ರಲ್ಲಿ ಮಧ್ಯಪ್ರಾಂತ ಮತ್ತು ಬೇರಾರಿನ ಅಡ್ವೊಕೇಟ್ ಜನರಲ್ ಆಗಿ ಸರಕಾರಕ್ಕೆ ಕಾನೂನು ಸಲಹೆಗಾರರಾದರು. 1954ರಲ್ಲಿ ನಾಗಪುರ ಹೈಕೋರ್ಟಿನ, 1968ರಲ್ಲಿ ಇಡೀ ದೇಶದ ಮುಖ್ಯ ನ್ಯಾಯಮೂರ್ತಿಗಳಾದರು. ಪಾಠ, ವಾದ, ಸಲಹೆ ಮೂರೂ ಒಬ್ಬರಲ್ಲೇ ಕೂಡಿದ್ದವು. ಇವುಗಳಲ್ಲಿ ಯಾವುದು ಯಾವುದನ್ನು ಕೆಡಿಸಿತು, ಹೇಳಿ!

ಇಂದಿನ ಕಟ್ಟಳೆ ನೋಡಿ. 1979ರ ನಿಯಮಗಳಂತೆ ವಕೀಲರು ದಿನಕ್ಕೆ 3 ಗಂಟೆ ಮೀರದಂತೆ ಕಾನೂನು ಬೋಧಿಸಬಹುದು. ಪೂರ್ಣಾವಧಿ ಸಂಬಳದ ಪ್ರಾಧ್ಯಾಪಕರು ಮಾತ್ರ ವಕೀಲಿ ಮಾಡುವಂತಿಲ್ಲ. ಬಾರ್ ಕೌನ್ಸಿಲಿನ 49ನೆಯ ನಿಯಮ ಅಡ್ಡ ಬರುತ್ತದೆ. ಸಂವಿಧಾನದ 124ನೆಯ ಅನುಚ್ಛೇದವೇನೋ ಹೆಸರಾಂತ ನ್ಯಾಯಶಾಸ್ತ್ರಜ್ಞರನ್ನು ಸುಪ್ರೀಂ ಕೋರ್ಟಿಗೆ ನೇಮಿಸಬಹುದು ಎನ್ನುತ್ತದೆ. ಆ ಬಾಗಿಲಿನಿಂದ ಈವರೆಗೆ ಒಬ್ಬರೂ ಒಳಗೆ ಹೋಗಿಲ್ಲ.

ಇದರಿಂದ ನಷ್ಟ ಯಾರಿಗೆ? ಕಕ್ಷಿಗಾರರಿಗೆ. ಅಪೀಲಿನಲ್ಲಿ ಸಾಮಾನ್ಯವಾಗಿ ಹೊಸ ಸಾಕ್ಷಿಯಿಲ್ಲ. ಇರುವ ಕಾಗದಪತ್ರ ಓದಿ ಕಾನೂನಿನ ತಿರುಳನ್ನು ಬರೆದು ತೋರಿಸಬೇಕು. ಎರಡನೆಯ ಸಿವಿಲ್ ಅಪೀಲಂತೂ ಮಹತ್ವದ ಕಾನೂನು ಪ್ರಶ್ನೆ ಇದ್ದರಷ್ಟೇ ನಿಲ್ಲುತ್ತದೆ. ವಿದರ್ಭದ ರೈತನೊಬ್ಬನ ಹೊಲ ಉಳಿಯುವುದೂ ಹೋಗುವುದೂ ಆ ಒಂದು ಪ್ರಶ್ನೆಯನ್ನು ಹೇಗೆ ಬರೆದಿದೆ ಎಂಬುದರ ಮೇಲಿರಬಹುದು. ಆ ವಿದ್ಯೆಯನ್ನೇ ಜೀವಮಾನವಿಡೀ ಕಲಿಸಿದವರನ್ನು ಹೊರಗೆ ನಿಲ್ಲಿಸುವುದು ಎಂಥ ಜಾಣತನ?

"ಸಂಬಳ ಕಾಲೇಜಿನದು, ಫೀಜು ಕಕ್ಷಿಗಾರರದು, ವಿದ್ಯಾರ್ಥಿಗಳ ಗತಿಯೇನು?" ಎಂಬ ಆಕ್ಷೇಪವಿದೆ. ಅದು ನ್ಯಾಯವಾದ ಆಕ್ಷೇಪವೇ. ತರಗತಿ ತಪ್ಪಿಸಿ ಕೋರ್ಟಿಗೆ ಓಡುವವರನ್ನು ಯಾರೂ ಸಮರ್ಥಿಸುವುದಿಲ್ಲ. ಅದಕ್ಕೆ ಮಿತಿ ಹಾಕಿ: ವರ್ಷಕ್ಕೆ ಇಷ್ಟೇ ಅಪೀಲು, ವಿಶ್ವವಿದ್ಯಾಲಯದ ಒಪ್ಪಿಗೆ ಕಡ್ಡಾಯ, ತಜ್ಞರಾಗಿ ಅಭಿಪ್ರಾಯ ಕೊಟ್ಟ ಪ್ರಕರಣದಲ್ಲಿ ವಕಾಲತ್ತು ಕೂಡದು, ಅಭಿಪ್ರಾಯಕ್ಕೆ ಹಣ ಕೊಟ್ಟವರಾರೆಂಬುದು ಬಹಿರಂಗವಾಗಬೇಕು. ಮಿತಿ ಹಾಕಲು ಬಾರದವರು ಬೀಗ ಹಾಕುತ್ತಾರೆ!

ನಾಗಪುರದ ಸರಕಾರಿ ಮೆಡಿಕಲ್ ಕಾಲೇಜಿನಲ್ಲಿ ಶಸ್ತ್ರಚಿಕಿತ್ಸೆ ಕಲಿಸುವವರೇ ರೋಗಿಗೂ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಕತ್ತಿ ಹಿಡಿಯದವರಿಂದ ಶಸ್ತ್ರಚಿಕಿತ್ಸೆ ಕಲಿಯಲು ನಾವು ಒಪ್ಪುವುದಿಲ್ಲ. ಕೋರ್ಟಿನ ಮೆಟ್ಟಿಲು ಹತ್ತದವರಿಂದ ಮಾತ್ರ ಕಾನೂನು ಕಲಿಯಬೇಕೆಂದು ನಮ್ಮ ಮಕ್ಕಳಿಗೆ ಹೇಳುತ್ತಿದ್ದೇವೆ. ಈ ಬೇಲಿಯನ್ನು ಬಾರ್ ಕೌನ್ಸಿಲು ತೆಗೆಯಲಿ.